ಪರೀಕ್ಷೆಗೆ ಕಾದಿಟ್ಟ ಮೈ

"ಏ ಸುಣ್ಣ, ಬಟ್ಟೆ ಒದರು ಅಂತ ಹೇಳಿದ್ನೋ, ನಿನ್ನ ಮೈ ಒದರು ಅಂತ ಹೇಳಿದ್ನೋ?"

ಲಾಂಡ್ರಿ ಮೇಸ್ತ್ರಿ ಬಟ್ಟೆ ಮಡಿಸುವ ಮೇಜಿನ ಮೇಲಿಂದ ಒಂದು ಹಸಿರು ಬಟ್ಟೆಯನ್ನು ಎರಡೇ ಬೆರಳಿನಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ತೋರಿಸುವವನ ಹಾಗೆ ಎಲ್ಲರಿಗೂ ತೋರಿಸಿದ. ಆಪರೇಷನ್ ಕೋಣೆಗೆ ಹೋಗಬೇಕಾದ ಬಟ್ಟೆ. ಅದರ ತುಂಬ ಬಿಳೀ ಹೊಟ್ಟು ಉದುರಿತ್ತು. ಬಿಳೀ ಚಾದರ ಮಡಿಸುವಾಗ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವತ್ತು ಹಸಿರು ಗಂಟು ಅವಳ ಪಾಲಿಗೆ ಬಂದಿತ್ತು.

ಅವಳು ತೋಳಿನ ಬಟ್ಟೆಯನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು. ಗಂಡ ತೀರಿಕೊಂಡ ವರ್ಷ, ಮಗ ಇನ್ನೂ ಚಿಕ್ಕವನಿದ್ದಾಗ, ಮೊಣಕೈ ಮೇಲೆ ಒಂದು ಬಿಲ್ಲೆಯಷ್ಟಗಲ ಕೆಂಪಗೆ ಎದ್ದದ್ದು, ಈಗ ಬೆನ್ನು, ಸೊಂಟ, ಮೊಣಕಾಲು ಎಲ್ಲ ಕಡೆ ಹಬ್ಬಿತ್ತು. ಕೆಂಪು ದದ್ದು, ಅದರ ಮೇಲೆ ಬೆಳ್ಳನೆಯ ಹೊಟ್ಟು. ಹಳೇ ಗೋಡೆಯ ಸುಣ್ಣ ಎದ್ದು ಬಂದ ಹಾಗೆ. ಆಸ್ಪತ್ರೆಯ ಹಿಂಬದಿಯ ಆ ಲಾಂಡ್ರಿಯಲ್ಲಿ ಯಾರು ಮೊದಲು ಕರೆದರೋ, ಅಂದಿನಿಂದ ಅವಳು ಸುಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

"ನಾಳೆಯಿಂದ ಮೇಜಿನ ಹತ್ರ ಸುಳೀಬೇಡ. ತೊಟ್ಟಿಗೆ ಹೋಗು."

"ಅಣ್ಣ, ಅದು ಬ್ಲೀಚಿಂಗ್ ನೀರು. ಇದ್ದಬದ್ದ ಚರ್ಮಾನೂ ಕಿತ್ತು ಬರುತ್ತೆ."

"ಬರ್ಲಿ. ಹೊಸದು ಹುಟ್ಟಿದ್ರೂ ಹುಟ್ಬಹುದು." ಇಸ್ತ್ರಿ ಯಂತ್ರದ ಹತ್ತಿರ ನಿಂತವರು ನಕ್ಕರು. ಮೇಸ್ತ್ರಿಗೆ ಹುರುಪು ಬಂತು. "ಅಂಟುರೋಗ ಇಟ್ಕೊಂಡು ಆಪರೇಷನ್ ಬಟ್ಟೆ ಮುಟ್ತೀಯಲ್ಲೇ ದರಿದ್ರ ಮುಂಡೆ, ಯಾರಾದ್ರೂ ನೋಡಿದ್ರೆ ನನ್ನ ತಲೆ ಹೋಗುತ್ತೆ."

"ಇದು ಅಂಟಲ್ಲ ಅಣ್ಣ. ಇಡೀ ಆಸ್ಪತ್ರೆ ಕೀವು ರಕ್ತ ಎಲ್ಲ ಬರಿಗೈಲಿ ತೊಳೀತೀನಿ. ಅದು ನನಗೆ ಅಂಟುತ್ತಾ ಅಂತ ಒಂದಿನ ಯಾರಾದ್ರೂ ಕೇಳಿದೀರಾ?"

"ಬಾಯಿ ಮುಚ್ಚು, ಬೇವರ್ಸಿ. ಅಂಟಲ್ಲ ಅಂತ ದೊಡ್ಡ ಡಾಕ್ಟರ ಕೈಲಿ ಬರೆಸ್ಕೊಂಡು ಬಾ. ಅಲ್ಲೀವರೆಗೂ ತೊಟ್ಟಿ. ತರದೇ ಹೋದ್ರೆ ಗೇಟು."

ಊಟದ ಹೊತ್ತಿಗೆ, ದಿನಾ ಅವಳ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದ ಇಸ್ತ್ರಿಯವಳು ತನ್ನ ನೀರಿನ ಲೋಟ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂತಳು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಕ್ಕ" ಅಂದಳು. ಸುಣ್ಣ ತಲೆಯಾಡಿಸಿದಳು.

ಮನೆಯಲ್ಲೂ ಅದೇ ಮಾತು ಕಾದಿತ್ತು. ಒಂದೇ ಕೋಣೆಯ ಮನೆ. ಮಗ, ಸೊಸೆ, ಹುಟ್ಟಿ ಇನ್ನೂ ಕತ್ತು ನಿಲ್ಲದ ಮೊಮ್ಮಗಳು. ಅವಳು ಬಾಗಿಲಲ್ಲೇ ಕೈಕಾಲು ತೊಳೆದುಕೊಂಡು ಒಳಗೆ ಬಂದರೆ, ಸೊಸೆ ಮಗುವನ್ನು ಎತ್ತಿಕೊಂಡು ಗೋಡೆಯ ಕಡೆಗೆ ಸರಿಯುತ್ತಿದ್ದಳು. ಕೆಟ್ಟವಳಲ್ಲ ಸೊಸೆ. ಅತ್ತೆಗೆ ಬಿಸಿಬಿಸಿಯಾಗಿಯೇ ಬಡಿಸುತ್ತಿದ್ದಳು. ತಟ್ಟೆ ಮಾತ್ರ ಬೇರೆ.

"ಅತ್ತೆ, ತಪ್ಪು ತಿಳ್ಕೋಬೇಡಿ. ಎಳೇ ಮೈ. ಡಾಕ್ಟರು ಏನೂ ಆಗಲ್ಲ ಅಂತ ಬರೆದುಕೊಟ್ಟ ದಿನ ನಾನೇ ನಿಮ್ಮ ತೊಡೆ ಮೇಲೆ ಹಾಕ್ತೀನಿ."

ಮಗ ಚಪ್ಪಲಿಯ ಪಟ್ಟಿಗೆ ಹೊಲಿಗೆ ಹಾಕುತ್ತ ಕೂತಿದ್ದ. ತಲೆ ಎತ್ತಲಿಲ್ಲ. ತಾಯಿಯದು ಅಂಟುರೋಗವಾಗಿದ್ದರೆ ತನಗೂ ಅಂಟಿರಬೇಕಿತ್ತಲ್ಲ, ತಾನು ಅವಳ ಮಗ್ಗುಲಲ್ಲೇ ಮಲಗಿ ಬೆಳೆದವನಲ್ಲವೇ ಎಂದು ಅವನಾದರೂ ಹೇಳಿಯಾನು ಎಂದು ಅವಳು ಕಾದಳು. ಅವನು ಹಲ್ಲಿನಿಂದ ದಾರ ಕಡಿದ.

ಹಾಗೆ ಅವಳು ಚರ್ಮದ ವಿಭಾಗದ ಸಾಲಿನಲ್ಲಿ ಹೋಗಿ ನಿಂತಳು. ತಾನೇ ತೊಳೆದ ಪರದೆಯ ಹಿಂದೆ ಅವಳನ್ನು ನಿಲ್ಲಿಸಿ ಮೇಲಂಗಿ ತೆಗೆಸಿದರು. ದೊಡ್ಡ ಡಾಕ್ಟರು ಬಂದರು, ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರ ಹಿಂಡು. ಡಾಕ್ಟರು ಅವಳ ಮುಖ ನೋಡಲಿಲ್ಲ. ಪೆನ್ನಿನ ತುದಿಯಿಂದ ಬೆನ್ನಿನ ಮೇಲೆ ಗೆರೆ ಎಳೆಯುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಒಬ್ಬ ಹುಡುಗ ಏನೋ ಉತ್ತರ ಕೊಟ್ಟ. "ಹುಳುಕಡ್ಡಿಯಂತೆ" ಎಂದು ಡಾಕ್ಟರು ಅವನನ್ನೇ ಅಣಕಿಸಿದರು. "ನಿಮ್ಮಪ್ಪನ ದುಡ್ಡು ದಂಡ ಕಣಯ್ಯ. ಹುಳುಕಡ್ಡಿ ಆದ್ರೆ ಉಂಗುರದ ಹಾಗೆ ಅಂಚು ಎದ್ದಿರುತ್ತೆ, ನಡುವೆ ಬರಿದಾಗಿರುತ್ತೆ. ಇದು ನೋಡು, ನಡುವೇನೂ ದಪ್ಪ, ಅಂಚೂ ದಪ್ಪ." ಎಲ್ಲರೂ ಬಗ್ಗಿ ನೋಡಿದರು. ಬೆನ್ನಿಗೆ ಅಷ್ಟೂ ಜನರ ಉಸಿರು ತಾಗಿತು.

"ಸಾರ್, ಇದು ಅಂಟುತ್ತಾ?" ಅವಳು ಗೋಡೆಗೆ ಮುಖ ಮಾಡಿಕೊಂಡೇ ಕೇಳಿದಳು.

"ಇಲ್ಲಮ್ಮ. ಇದು ಸೋರಿಯಾಸಿಸ್, ಅಂಟೋ ರೋಗ ಅಲ್ಲ."

ಅವಳ ಮೈ ಒಂದು ಗಳಿಗೆ ಹಗುರಾಯಿತು. "ಹಂಗಂತ ಒಂದು ಚೀಟಿ ಬರೆದುಕೊಡಿ ಸಾರ್. ಲಾಂಡ್ರಿ ಮೇಸ್ತ್ರಿ ಕೆಲಸದಿಂದ ತೆಗೀತಾನಂತೆ. ಮೊಮ್ಮಗೂನ ಎತ್ಕೊಳ್ಳೋಕೂ ಬಿಡ್ತಿಲ್ಲ."

ಡಾಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಮೊದಲ ಸಲ ಅವಳ ಬೆನ್ನನ್ನು ಇಡಿಯಾಗಿ, ಸಂತೆಯಲ್ಲಿ ದನ ನೋಡುವ ಹಾಗೆ ನೋಡಿದರು.

"ಕೊಡೋಣ. ಮುಂದಿನ ತಿಂಗಳು ಇವರ ಮೇಲಿನ ತರಗತಿಯವರಿಗೆ ಪರೀಕ್ಷೆ ಇದೆ. ನೀನು ಬಂದು ಕೂರಬೇಕು. ಕೂತೆ ಅಂದ್ರೆ ಅವತ್ತೇ ಬರೆದುಕೊಡ್ತೀನಿ."

"ಬರ್ತೀನಿ ಸಾರ್."

"ಅಲ್ಲೀವರೆಗೂ ಮುಲಾಮು ಹಚ್ಚಬೇಡ. ಗುಳಿಗೆ ಬೇಡ, ಎಣ್ಣೆನೂ ಬೇಡ. ಬೆಳೆ ಚೆನ್ನಾಗಿ ಬಂದಿರ್ಬೇಕು, ಆಗ ತಾನೆ ಕೊಯ್ಲು?" ಹುಡುಗರು ನಕ್ಕರು. ಹುಳುಕಡ್ಡಿ ಅಂದವನು ಎಲ್ಲರಿಗಿಂತ ಜೋರಾಗಿ ನಕ್ಕ.

ಹೊರಗೆ, ಚರ್ಮದ ವಿಭಾಗದ ಜವಾನ ಅವಳು ಇಷ್ಟು ದಿನ ಹಚ್ಚುತ್ತಿದ್ದ ಮುಲಾಮಿನ ಡಬ್ಬಿ ಇಸಿದುಕೊಂಡ. ಉದ್ದ ಕತ್ತಿನ ಮನುಷ್ಯ, ಎಲ್ಲರೂ ಕೊಕ್ಕರೆ ಅನ್ನುತ್ತಿದ್ದರು. ಪರೀಕ್ಷೆ ಬಂತೆಂದರೆ ಕೇಸು ಹಿಡಿದು ತರುವವನು ಅವನೇ. "ನಿನ್ನ ಕೈಲಿದ್ರೆ ಹಚ್ಕೋತೀಯ" ಅಂದ. "ಹೋದ್ಸಲ ಒಬ್ಬ ಹಚ್ಕೊಂಡು ಬಂದು, ಎಲ್ಲ ಮಾಯ ಆಗಿ, ನನ್ನ ಬೈಗುಳ ತಿನ್ನಿಸಿದ ಬೋಳಿಮಗ."

ಮುಲಾಮಿಲ್ಲದ ಆ ದಿನಗಳಲ್ಲಿ ಅವಳ ಮೈ ಅವಳ ಮಾತು ಕೇಳಲಿಲ್ಲ. ತೊಟ್ಟಿಯ ನೀರು ಕಣ್ಣಿಗೆ ಹೊಡೆಯುವಷ್ಟು ಘಾಟು. ಮೊಣಕೈವರೆಗೂ ಮುಳುಗಿಸಿ ಚಾದರ ಹಿಂಡಬೇಕು. ಬೆರಳ ಸಂದಿಯ ಚರ್ಮ ಸೀಳಿ, ಸೀಳಿನಲ್ಲಿ ನೀರು ಇಳಿದು, ಸಂಜೆ ಹೊತ್ತಿಗೆ ಕೈ ಮಡಚಲು ಬರುತ್ತಿರಲಿಲ್ಲ. ಬೆನ್ನಿನ ದದ್ದುಗಳು ಒಂದಕ್ಕೊಂದು ಕೂಡಿಕೊಂಡವು. ಮಲಗಿ ಎದ್ದರೆ ಚಾಪೆಯ ಮೇಲೆ ಯಾರೋ ಹಿಟ್ಟು ಚೆಲ್ಲಿದ ಹಾಗೆ. ಸೊಸೆ ಏಳುವ ಮೊದಲೇ ಅವಳು ಅದನ್ನು ಕೈಯಲ್ಲಿ ಗುಡಿಸಿ ಹೊರಗೆ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಸೊಸೆ ಮೊದಲೇ ಎದ್ದಿದ್ದಳು. ಅವತ್ತಿನಿಂದ ಚಾಪೆ ಬಾಗಿಲಾಚೆಯ ಮೆಟ್ಟಿಲ ಕೆಳಗೆ ಬಂತು.

ಬೀದಿಯ ನಲ್ಲಿಯಲ್ಲಿ, ಅವಳ ಬಿಂದಿಗೆ ತುಂಬಿದ ಮೇಲೆ ಪಕ್ಕದ ಮನೆಯವಳು ನಲ್ಲಿಯ ಬಾಯನ್ನು ಬೂದಿ ಹಾಕಿ ಉಜ್ಜಿದಳು. ಸುಣ್ಣ ನೋಡುತ್ತಿದ್ದಾಗಲೇ ಉಜ್ಜಿದಳು. "ಇನ್ನೊಂದು ಸ್ವಲ್ಪ ದಿನ ತಡ್ಕೊಳ್ಳಮ್ಮ" ಅಂದಳು ಸುಣ್ಣ. "ಚೀಟಿ ತಂದು ನಿನ್ನ ಬಾಗಿಲಿಗೇ ಅಂಟಿಸ್ತೀನಿ. ಅಂಟೋದು ಅದೊಂದೇ."

ಪರೀಕ್ಷೆಯ ದಿನ ಬೆಳಗಾಗುತ್ತಲೇ ಕೊಕ್ಕರೆ ತಾನು ಹಿಡಿದು ತಂದ ರೋಗಿಗಳನ್ನೆಲ್ಲ ಒಂದು ಉದ್ದನೆಯ ಕೋಣೆಯಲ್ಲಿ ಕೂರಿಸಿದ. ಸ್ಟೂಲಿನ ಸಾಲು, ಪಕ್ಕದಲ್ಲಿ ಹತ್ತಿ, ಸೂಜಿ, ಗಾಜಿನ ಪಟ್ಟಿ ಇಟ್ಟ ತಟ್ಟೆ. ಪ್ರತಿಯೊಬ್ಬರ ಕೊರಳಿಗೂ ರಟ್ಟಿನ ನಂಬರು. ಒಂದನೆಯದು ಒಬ್ಬ ಹುಡುಗಿ, ಮದುವೆ ವಯಸ್ಸಿನವಳು. ತುಟಿಯ ಸುತ್ತ, ಬೆರಳ ತುದಿಯಲ್ಲಿ, ಕೊರಳ ಕೆಳಗಿನ ಮೂಳೆಯ ಮೇಲೆ ಬಿಳೀ ಮಚ್ಚೆ. ಅವಳ ತಾಯಿ ಹಿಂದೆ ನಿಂತು ಮಗಳ ತಲೆಯ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತಿದ್ದಳು, ಕೊಕ್ಕರೆ ಹಿಂದಕ್ಕೆ ಸರಿಸುತ್ತಿದ್ದ. ಎರಡನೆಯದು ಬೆರಳು ಸವೆದ ಒಬ್ಬ ತಾತ. ಮೂರನೆಯದು ಸುಣ್ಣ. ಮೇಲಿನ ಬಟ್ಟೆ ತೆಗೆಸಿ ಎದೆಗೆ ಹಿಡಿದುಕೊಳ್ಳಲು ಒಂದು ತುಂಡು ಬಟ್ಟೆ ಕೊಟ್ಟಿದ್ದರು.

"ಯಾರೂ ಬಾಯಿ ಬಿಡಬಾರದು" ಅಂದ ಕೊಕ್ಕರೆ. "ಏನು ರೋಗ ಅಂತ ಅವರು ಕಂಡುಹಿಡೀಬೇಕು. ಕೇಳಿದ್ರೆ ಗೊತ್ತಿಲ್ಲ ಅನ್ನಿ."

"ನಮ್ಮನ್ನ ಯಾರು ಕೇಳ್ತಾರೆ ಬಿಡಪ್ಪ" ಅಂದ ತಾತ. ಅವನು ಹಳಬ. ಪ್ರತಿ ಪರೀಕ್ಷೆಗೂ ಬಂದವನು. ಸುಣ್ಣಳ ಕಡೆಗೆ ವಾಲಿ ಹೇಳಿದ, "ನನ್ನ ನೋಡಿ ಡಾಕ್ಟರಾದೋರು ಊರ ತುಂಬ ಇದಾರೆ ಕಣವ್ವ. ನನ್ನ ಮಚ್ಚೆ ಗುರುತು ಹಿಡೀತಾರೆ. ಬೀದೀಲಿ ಎದುರು ಸಿಕ್ಕಿದ್ರೆ ನನ್ನ ಗುರುತು ಹಿಡಿಯೋನು ಒಬ್ನೂ ಇಲ್ಲ."

"ನೋವಾಗಲ್ವಾ ತಾತ, ಸೂಜಿ?"

"ನನಗೇನು ಗೊತ್ತಾಗುತ್ತೆ? ಆ ಮಚ್ಚೇಲಿ ಚುಚ್ಚಿದ್ರೂ ಅಷ್ಟೇ, ಮುತ್ತಿಟ್ರೂ ಅಷ್ಟೇ." ಅವನು ನಕ್ಕ. "ನಿನ್ನ ಪಾಡೇ ಕಷ್ಟ. ನಿನಗೆ ಗಾಜು."

ಅವನು ಹೇಳಿದ್ದೇನೆಂದು ಮೊದಲ ಹುಡುಗ ಬಂದಾಗ ತಿಳಿಯಿತು. ಅವನು ಕೈಗವಸು ಹಾಕಿಕೊಂಡು ಬೆನ್ನನ್ನು ಒತ್ತಿ ನೋಡಿದ. ಆಮೇಲೆ ಗಾಜಿನ ಪಟ್ಟಿಯ ಅಂಚಿನಿಂದ ಕೆರೆಯತೊಡಗಿದ. ಹಿಂದೆ ದೊಡ್ಡ ಡಾಕ್ಟರೂ, ಬೇರೆ ಊರಿನಿಂದ ಬಂದ ಇನ್ನೊಬ್ಬ ಪರೀಕ್ಷಕರೂ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏನು ಬರ್ತಿದೆ?"

"ಮೇಣದಬತ್ತಿ ಕೆರೆದ ಹಾಗೆ ಪುಡಿ ಸರ್."

"ನಿಲ್ಲಿಸ್ಬೇಡಿ. ಇನ್ನೂ ಕೆರೀರಿ. ಕೆಳಗೊಂದು ತೆಳು ಪೊರೆ ಬರುತ್ತೆ. ಅದನ್ನೂ ತೆಗೀರಿ."

ಪೊರೆ ಕಿತ್ತು ಬಂದಾಗ ಸುಣ್ಣಳ ಕಾಲ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯಿತು.

"ಸಣ್ಣ ಸಣ್ಣ ರಕ್ತದ ಚುಕ್ಕೆ ಸರ್."

"ಹಾಂ. ಅದೇ ಬೇಕಾಗಿದ್ದು."

ಒಬ್ಬನಾದ ಮೇಲೆ ಒಬ್ಬರು. ಪ್ರತಿಯೊಬ್ಬರಿಗೂ ಹೊಸ ಜಾಗ ಬೇಕು, ಹಿಂದಿನವರು ಕೆರೆದದ್ದು ಉಪಯೋಗಕ್ಕಿಲ್ಲ. ಬಲ ಮೊಣಕೈ ಮುಗಿಯಿತು, ಎಡ ಮೊಣಕೈ ಮುಗಿಯಿತು, ಹೆಗಲು ಮುಗಿಯಿತು. ಕೆಲವರ ಕೈ ಹಗುರ, ಕೆಲವರದು ಪಾತ್ರೆಯ ಸೀಕಲು ಉಜ್ಜುವ ಕೈ. ಫ್ಯಾನಿನ ಗಾಳಿ ಹಸೀ ಗಾಯಕ್ಕೆ ತಾಗಿ ಬೆನ್ನು ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. "ಅಲುಗಾಡ್ಬೇಡ" ಅಂದ ಒಬ್ಬ. ಅವಳು ಚೀಟಿಯನ್ನು ನೆನೆದಳು. ಅದನ್ನು ಮೇಸ್ತ್ರಿಯ ಮೇಜಿನ ಮೇಲೆ ಇಡುವುದನ್ನು ನೆನೆದಳು. ಸೊಸೆ ಮಗುವನ್ನು ತೊಡೆಗೆ ಹಾಕುವುದನ್ನು ನೆನೆದಳು. ಎಳೇ ತಲೆಯ ವಾಸನೆ ಹೇಗಿರುತ್ತದೆ ಎಂದು ನೆನೆಯಲು ಹೋಗಿ ಬ್ಲೀಚಿಂಗ್ ವಾಸನೆಯೇ ಬಂತು.

"ಇನ್ನು ಎಲ್ಲಿ ಉಳಿದಿದೆ?" ದೊಡ್ಡ ಡಾಕ್ಟರು ಕೇಳಿದರು.

"ಸೊಂಟದ ಕೆಳಗೆ ಇದೆ ಸಾರ್" ಅಂದ ಕೊಕ್ಕರೆ. ಅವಳನ್ನು ಕೇಳದೆ, ಬಟ್ಟೆಯನ್ನು ತಾನೇ ಜಾರಿಸಿದ.

ಪಕ್ಕದ ಸ್ಟೂಲಿನಲ್ಲಿ ತಾತ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಅವನ ಕೈಗೆ ಯಾರೋ ಸೂಜಿ ಚುಚ್ಚುತ್ತಿದ್ದರು, ಅದು ಅವನಿಗೆ ಗೊತ್ತೇ ಇರಲಿಲ್ಲ.

ಪರೀಕ್ಷಕರು ಚಹಾಕ್ಕೆ ಎದ್ದು ಕೋಣೆಯ ಆಚೆ ತುದಿಗೆ ಹೋದಾಗ ಕನ್ನಡಕದ ಒಬ್ಬ ಹುಡುಗಿ ಬಂದಳು. ಅವಳ ಕೈ ನಡುಗುತ್ತಿತ್ತು. ಗಾಜನ್ನು ಎತ್ತಿಕೊಂಡವಳು ಬೆನ್ನನ್ನು ನೋಡಿ ಹಾಗೇ ನಿಂತಳು.

"ಅಮ್ಮ, ತುಂಬ ನೋಯ್ತಿದ್ಯಾ?"

ಬೆಳಗಿನಿಂದ ಆ ಕೋಣೆಯಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಗಾಜಿಗೆ ಬಾರದ ಕಣ್ಣೀರು ಅದಕ್ಕೆ ಬಂತು.

"ಇಲ್ಲ ಮಗ. ನೀನು ನಿನ್ನ ಕೆಲಸ ಮಾಡ್ಕೋ."

"ನಾನು ಕೆರೆಯಲ್ಲಮ್ಮ, ನನ್ನ ಕೈಲಾಗಲ್ಲ." ಹುಡುಗಿ ಗಾಜನ್ನು ತಟ್ಟೆಗೆ ಹಾಕಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿದಳು. "ನಂಗೆ ಏನೂ ತಲೆಗೇ ಬರ್ತಿಲ್ಲ. ಹೋದ್ಸಲನೂ ಫೇಲಾಗಿದೀನಿ. ಈ ಸಲ ಹೋದ್ರೆ ನಮ್ಮನೇಲಿ ನನ್ನ ಸಾಯಿಸ್ತಾರೆ. ಇದಕ್ಕೆ ಏನಂತಾರೆ ಅಂತ ಒಂದು ಮಾತು ಹೇಳ್ಬಿಡಿ ಅಮ್ಮ. ನಿಮ್ಮ ಮಗಳು ಅಂದ್ಕೊಂಡು ಹೇಳಿ."

ಸುಣ್ಣ ಆಚೆ ತುದಿಯನ್ನು ನೋಡಿದಳು. ಡಾಕ್ಟರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಸೋರಿಯಾಸಿಸ್ ಅಂತಾರೆ ಮಗ" ಅಂದಳು ಮೆಲ್ಲಗೆ.

ಪರೀಕ್ಷಕರು ಬಂದು ಕೂತರು. ಹುಡುಗಿ ಒಂದೇ ಉಸಿರಿಗೆ ಹೆಸರು ಹೇಳಿದಳು. ಬೇರೆ ಊರಿನವರು "ಸರಿ" ಅಂದು ಬರೆದುಕೊಳ್ಳಲು ಹೋಗಿ ಬೆನ್ನನ್ನು ನೋಡಿದರು.

"ನೀವು ಕೆರೆದೇ ಇಲ್ಲವಲ್ಲ. ಹೊಸ ಗುರುತು ಎಲ್ಲೂ ಇಲ್ಲ. ಕೆರೆಯದೇ ಇಷ್ಟು ಧೈರ್ಯವಾಗಿ ಹೇಗೆ ಹೇಳಿದ್ರಿ?"

ದೊಡ್ಡ ಡಾಕ್ಟರ ಕಣ್ಣು ಸುಣ್ಣಳ ಮೇಲೆ ಹೋಯಿತು. "ಇವಳೇನಾದ್ರೂ ಹೇಳಿದ್ಲಾ?"

"ಹೌದು ಸರ್" ಅಂದಳು ಹುಡುಗಿ. ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು. "ಇವಳೇ ಹೇಳಿದ್ಲು. ನಾನು ಕೇಳ್ಲಿಲ್ಲ ಸರ್. ನಾನು ಕೆರೆಯೋಕೆ ಹೋದ್ರೆ ಕೈ ತಳ್ಳಿದ್ಲು, ಬಿಡಲೇ ಇಲ್ಲ."

ಸುಣ್ಣ ಕತ್ತು ತಿರುಗಿಸಿ ಹುಡುಗಿಯನ್ನು ನೋಡಿದಳು.

"ಕೊಬ್ಬು ನೋಡು" ಅಂದರು ದೊಡ್ಡ ಡಾಕ್ಟರು. ದನಿ ಏರಿಸಲಿಲ್ಲ. "ಬಾಯಿ ಬಿಡಬೇಡ ಅಂದಿದ್ರೂ ಬಿಟ್ಟೆ. ಇನ್ನು ಚೀಟಿ ಗೀಟಿ ಅಂತ ನನ್ನ ಬಾಗಿಲಿಗೆ ಬಂದ್ರೆ ನೋಡು. ನಿಮ್ಮ ಮೇಸ್ತ್ರಿಗೆ ನಾನೇ ಹೇಳಿ ಕಳಿಸ್ತೀನಿ, ಇವಳು ಲಾಂಡ್ರಿಗೆ ಯೋಗ್ಯ ಅಲ್ಲ ಅಂತ." ಆಮೇಲೆ ಹುಡುಗಿಯ ಕಡೆಗೆ ತಿರುಗಿದರು. "ನೀವು ಈಗ ಕೆರೆದು ತೋರಿಸಿ. ಅದನ್ನ ನೋಡಿಯೇ ನಂಬರ್ ಕೊಡೋದು."

ಹುಡುಗಿ ಗಾಜನ್ನು ಎತ್ತಿಕೊಂಡಳು.

"ತಿರುಗು" ಅಂದಳು ಸುಣ್ಣಳಿಗೆ.

ಅವಳ ಕೈ ಈಗ ನಡುಗುತ್ತಿರಲಿಲ್ಲ. ಕಣ್ಣನ್ನು ಬೆನ್ನಿನ ಒಂದೇ ಚುಕ್ಕೆಯಲ್ಲಿ ನೆಟ್ಟು ಕೆರೆದಳು. ಬೆಳಗಿನಿಂದ ಬಂದ ಯಾವ ಕೈಯೂ ಅಷ್ಟು ಒತ್ತಿರಲಿಲ್ಲ. ಪುಡಿ ಹೋಗಿ, ಪೊರೆ ಹೋಗಿ, ಚುಕ್ಕೆ ಎದ್ದ ಮೇಲೂ ನಿಲ್ಲಿಸಲಿಲ್ಲ. ಚುಕ್ಕೆಗಳು ಒಂದಕ್ಕೊಂದು ಸೇರಿ ಗೆರೆಯಾಗಿ ಇಳಿದವು.

"ಸಾಕು ಸಾಕು" ಅಂದರು ಬೇರೆ ಊರಿನವರು. "ಪಾಸಾದ್ರಿ."

ಹುಡುಗಿ ಉಸಿರು ಬಿಟ್ಟಳು. ಕೈಗವಸನ್ನು ಸುಲಿದು ಬುಟ್ಟಿಗೆ ಹಾಕಿ, ಸುಣ್ಣಳ ಮುಖ ನೋಡದೆ ಹೋದಳು.

"ಮುಂದಿನವರನ್ನ ಕರಿ" ಅಂದರು ಡಾಕ್ಟರು. ಸುಣ್ಣಳತ್ತ ಬೆರಳು ತೋರಿಸಿದರು. "ನೀನು ಅಲ್ಲೇ ಕೂತಿರು. ಇನ್ನೂ ಅರ್ಧ ಜನ ಬಾಕಿ ಇದಾರೆ."

ಸುಣ್ಣ ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು, ಒಂದು ಗಳಿಗೆ ತಾತನ ಹೆಗಲು ಹಿಡಿದುಕೊಂಡಳು. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ ಎಂದು ಮನಸ್ಸಿನಲ್ಲೇ ತಡಕಾಡಿದಳು. ಚೀಟಿ ಹೋಯಿತು. ಅದರ ಹಿಂದೆಯೇ ಮೇಜು, ತೊಟ್ಟಿ, ಗೇಟು ಎಲ್ಲ ಹೋಯಿತು. ಮಗು ಗೋಡೆಯ ಕಡೆಗೆ ಹೋಯಿತು. ಅವಳು ಕೊರಳಿನ ರಟ್ಟನ್ನು ತೆಗೆಯಲಿಲ್ಲ. ತುಂಡು ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ಹಾಗೇ ತೆರೆದಂತೆ, ಬಾಗಿಲ ಕಡೆಗೆ ನಡೆದಳು.

"ಏಯ್, ಎಲ್ಲಿಗೆ?" ಕೊಕ್ಕರೆ ಅಡ್ಡ ಬಂದ. ಹಿಡಿಯಲು ಚಾಚಿದ ಕೈ ಅವಳ ಹಸೀ ಮೈ ನೋಡಿ ತಾನಾಗಿಯೇ ಹಿಂದಕ್ಕೆ ಬಂತು. ಅವಳು ಅವನನ್ನು ದಾಟಿ ಹೋದಳು.

ಹೊರಗಿನ ಮೊಗಸಾಲೆಯ ಉದ್ದಕ್ಕೂ ಬೆಂಚುಗಳು. ಸರದಿಗಾಗಿ ಕಾದಿದ್ದ ಬಿಳೀ ಕೋಟಿನ ಹುಡುಗ ಹುಡುಗಿಯರು ಪುಸ್ತಕದಲ್ಲಿ ಮುಖ ಹುದುಗಿಸಿ ಬಾಯಿಪಾಠ ಮಾಡುತ್ತಿದ್ದರು. ಅವಳು ನಟ್ಟನಡುವೆ ನಿಂತಳು.

"ಮಕ್ಕಳೇ, ಇಲ್ಲಿ ಕೇಳಿ. ಒಳಗಿರೋ ಮೂರನೇ ಕೇಸು ನಾನೇ. ನಂದು ಸೋರಿಯಾಸಿಸ್. ಕೆರೆಯೋ ಅಗತ್ಯ ಇಲ್ಲ, ನಿಮ್ಮೋರು ಕೆರೆದು ಇಟ್ಟಿದಾರೆ. ನೋಡ್ಕೊಳ್ಳಿ." ಅವಳು ಬೆನ್ನು ತಿರುಗಿಸಿದಳು.

ಒಳಗೆ ಕುರ್ಚಿ ಉರುಳಿದ ಸದ್ದಾಯಿತು. "ಬಾಗಿಲು ಹಾಕೋ" ಎಂದು ದೊಡ್ಡ ಡಾಕ್ಟರು ಕೂಗಿದರು. ಕೊಕ್ಕರೆ ಓಡಿ ಬಂದು ಬಾಗಿಲು ಎಳೆದ. ಅದು ಮುಚ್ಚಲಿಲ್ಲ. ತಾತ ಬಂದು ಸಂದಿಯಲ್ಲಿ ತನ್ನ ಕೈ ಇಟ್ಟಿದ್ದ. ಬಾಗಿಲು ಸವೆದ ಬೆರಳುಗಳ ಮೇಲೆ ಬಡಿಯುತ್ತಿತ್ತು, ಅವನು ಮಾತ್ರ ಮುಖ ಕಿವುಚಲಿಲ್ಲ.

"ಎರಡನೇದು ನಾನು" ಅಂದ. ಯಂತ್ರಕ್ಕೆ ಸಿಕ್ಕಿ ಬೆರಳು ಹೋದವು ಎಂದು ಜೀವಮಾನವೆಲ್ಲ ಬೀದಿಯವರಿಗೆ ಹೇಳಿಕೊಂಡು ಬಂದಿದ್ದ ಮನುಷ್ಯ, ಗಂಟಲು ಸರಿಮಾಡಿಕೊಂಡ. "ಕುಷ್ಠ. ವಾಸಿಯಾಗಿ ಎಷ್ಟೋ ಕಾಲ ಆಯ್ತು. ಆದ್ರೂ ಚುಚ್ತಾನೇ ಇದೀರಿ, ಬಿಕನಾಸಿಗಳಾ."

ಅವನ ಹೆಗಲ ಮೇಲಿಂದ ಬಿಳೀ ಮಚ್ಚೆಯ ಹುಡುಗಿಯ ಮುಖ ಕಾಣಿಸಿತು. ತಾಯಿ ಹಿಂದಿನಿಂದ ಬಂದು ಅವಳ ಬಾಯಿಗೆ ಕೈ ಒತ್ತಿ ಹಿಡಿದಳು. "ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಿ ಯಾರು ಯಾರಿಗೆ ಗೊತ್ತಿರೋರೋ, ಎಲ್ಲಿ ಹೋಗಿ ಹೇಳ್ತಾರೋ." ಹುಡುಗಿ ಆ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದಳು.

"ನಂದು ತೊನ್ನು" ಅಂದಳು. ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಮೊಗಸಾಲೆಯ ಮುಂದಿನ ಬೆಂಚಿನ ಒಬ್ಬ ಜೇಬಿನಿಂದ ಪೆನ್ನು ತೆಗೆದ. ಅವನನ್ನು ನೋಡಿ ಪಕ್ಕದವಳು ತೆಗೆದಳು. ಸಾಲಿಗೆ ಸಾಲೇ ತಲೆ ಬಗ್ಗಿಸಿ ಅಂಗೈ ಮೇಲೆ ಬರೆದುಕೊಳ್ಳತೊಡಗಿತು. ಸುಣ್ಣಳ ಬೆನ್ನಿನಿಂದ ಇಳಿದ ರಕ್ತ ಸೊಂಟದ ಬಟ್ಟೆಯ ಅಂಚಿಗೆ ಬಂದು ನಿಂತು ಹರಡುತ್ತಿತ್ತು. ಅದನ್ನು ನೋಡುವುದಕ್ಕೆ ಎತ್ತಿದ ಒಂದು ತಲೆಯೂ ಅಲ್ಲಿರಲಿಲ್ಲ.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಪೆನ್ನನ್ನು ಅಂಗೈಗೆ ಹಚ್ಚಿಕೊಂಡೇ ಕೇಳಿದ:

"ಆ ಒಂದನೇದು ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿಗೆ ಕೇಳಿಸ್ಲಿಲ್ಲ."